ಹತ್ತಿಯ ಎಳೆ

"ಕಣ್ಣು ಮುಚ್ಚಿ ಕುಂದ್ರಿ ಆಯಿ. ಎಲ್ಲಿ ಮುಟ್ಟಿದಂಗ ಅನಸ್ತದೋ ಅಲ್ಲಿ ಬೆರಳಿಟ್ಟು ತೋರಸ್ರಿ," ಎಂದರು ಡಾಕ್ಟರ್ ಅತೀಯಾ, ಹತ್ತಿಯ ಉಂಡೆಯಿಂದ ಒಂದು ಎಳೆ ಹಿರಿದು.

ಮರೆಮ್ಮ ಕಣ್ಣು ಮುಚ್ಚಿದಳು. ಅಷ್ಟೇ ಅಲ್ಲ, ಹಲ್ಲನ್ನೂ ಕಚ್ಚಿಕೊಂಡಳು. ಕೋಡ್ಲಾ ಊರಿನ ಓಣಿಯಲ್ಲಿ ಅವಳ ದನಿ ಎದ್ದರೆ ಕಟ್ಟೆಯ ಮೇಲಿನ ಗಂಡಸರೂ ಎದ್ದು ಹೋಗುತ್ತಿದ್ದರು. ಅಂಥವಳು ಈಗ ಸೇಡಂ ದವಾಖಾನೆಯ ಸ್ಟೂಲಿನ ಮೇಲೆ ಸೆರಗು ಸರಿಸಿ, ಪಾಠ ಬಾರದ ಹುಡುಗಿಯ ಹಾಗೆ ಮುದುಡಿ ಕೂತಿದ್ದಳು. ಎಡ ರಟ್ಟೆಯ ಮೇಲೆ ಒಂದು ಬೆಳ್ಳನೆಯ ಮಚ್ಚೆ. ಅದು ಕುಷ್ಠವೇ ಎಂದು ಅವಳು ತಾನೇ ತೀರ್ಪು ಕೊಟ್ಟುಕೊಂಡು ತಿಂಗಳುಗಳಾಗಿದ್ದವು. 'ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠವಿರಬಹುದು' ಎಂಬ ಗೋಡೆ ಬರಹವನ್ನು ಪಕ್ಕದ ಮನೆಯ ಮಾಶಾಬಿ ಓದಿ ಹೇಳಿದ್ದಳು. ಎರಡನೆಯ ಸಾಲು ಓದುವಷ್ಟರಲ್ಲಿ ಮರೆಮ್ಮ ಅಲ್ಲಿರಲಿಲ್ಲ, ಮನೆ ಸೇರಿದ್ದಳು. ಪುರಾವೆಯೂ ಅವಳ ಕೈಯಲ್ಲೇ ಇತ್ತು. ಕಾದ ಹಂಚಿನ ಮೇಲೆ ಬರಿ ಬೆರಳಿನಿಂದ ರೊಟ್ಟಿ ಹೊರಳಿಸುತ್ತಾಳೆ, ಬಿಸಿ ಹತ್ತುವುದಿಲ್ಲ. ಇನ್ನೇನು ಬೇಕು?

ಮಗ ಅಂಬರಾಯನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ. ಹಾಗಾಗಿ ಜೊತೆಗೆ ಬಂದವಳು ಸೊಸೆ ಭಾಗ್ಯಜ್ಯೋತಿ. ಅತ್ತೆಯ ಬೆನ್ನಿಗೆ ನೀರು ಹಾಕುವಾಗ ಮಚ್ಚೆ ಕಂಡು, ಹಟ ಹಿಡಿದು ಎಳೆತಂದವಳೂ ಅವಳೇ. ತಂದಿದ್ದೇನೋ ಸರಿ, ಆದರೆ ಬಾಗಿಲ ಬಳಿಯ ಬೆಂಚಿನಲ್ಲಿ ಹೆಣ್ಣು ಕೂಸನ್ನು ಮಡಿಲಲ್ಲಿಟ್ಟುಕೊಂಡು, ಅತ್ತೆಯ ಕಡೆ ಮುಖ ಕೊಡದೆ ಕೂತಿದ್ದಳು. ಕೂಸು ತಾಯಿಯ ತವರಿನಿಂದ ಮನೆಗೆ ಬಂದಂದಿನಿಂದ ಮರೆಮ್ಮ ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಹೆಣ್ಣಾಯಿತೆಂದು ಮುದುಕಿಗೆ ಮುನಿಸು ಎಂದು ಸೊಸೆ ತಿಳಿದಳು, ಓಣಿಯೂ ತಿಳಿಯಿತು. ತಿಳಿದರೆ ತಿಳಿಯಲಿ, ಕೂಸಿಗೆ ಹತ್ತದಿದ್ದರೆ ಸಾಕು ಎಂದು ಮರೆಮ್ಮ ಸುಮ್ಮನಿದ್ದಳು. ಕೂಸು ಅತ್ತಾಗ ಮಾತ್ರ ಹಿತ್ತಲಿಗೆ ಹೋಗಿ ಎಮ್ಮೆಯ ಮೈ ಸವರುತ್ತ ನಿಲ್ಲುವಳು. ಎಮ್ಮೆಗೆ ಯಾವ ರೋಗವೂ ಹತ್ತದು ಎಂಬುದು ಅವಳ ನಂಬಿಕೆ.

ಹತ್ತಿ ತಾಕಿತು. ಮರೆಮ್ಮ ಬೆರಳಿಟ್ಟಳು. ಮಚ್ಚೆಯ ನಡುವೆ, ಅಂಚಿಗೆ, ಮತ್ತೆ ನಡುವೆ.

"ಈಗ?" ಎಂದರು ಅತೀಯಾ, ಹತ್ತಿಯನ್ನು ದೂರ ಹಿಡಿದು.

"ಈಗೆಲ್ಲಿ ಮುಟ್ಟೀರಿ? ಸುಳ್ಳೇ ಕೇಳ್ಲಿಕತ್ತೀರಿ."

ಡಾಕ್ಟರಿಗೆ ನಗು ಬಂತು. ಬೆರಳ ತುದಿಗಳಿಗೆ ಪೆನ್ನಿನ ಮೊನೆ ತಾಕಿಸಿ ನೋಡಿದರು, ಮೊಣಕೈಯ ನರ ಒತ್ತಿ ನೋಡಿದರು, ಮಚ್ಚೆಯ ಮೇಲಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿಕೊಂಡು ಒಳಗೆ ಹೋದರು. ತುಸು ಹೊತ್ತಿಗೆ ತಿರುಗಿ ಬಂದರು.

"ಕುಷ್ಠ ಅಲ್ರಿ ಆಯಿ. ಸಿಬ್ಬು. ಹಳೇ ರೊಟ್ಟಿಗೆ ಬೂಷ್ಟು ಹಿಡೀತದಲ್ಲ, ಹಂಗ ಬೆವರಿಗೆ ಮೈಮ್ಯಾಲ ಬೆಳೀತದ. ಮುಲಾಮು ಕೊಡ್ತೀನಿ, ಹೋಗ್ತದ. ಬಣ್ಣ ತಿರುಗಿ ಬರ್ಲಿಕ್ಕ ಮಾತ್ರ ಟೈಮ್ ಹಿಡೀತದ."

"ಮತ್ತ ಬೆರಳಿಗಿ ಬಿಸಿ ಹತ್ತಂಗಿಲ್ಲಲ್ರಿ?"

"ಎಷ್ಟು ವರ್ಷದಿಂದ ರೊಟ್ಟಿ ಬಡೀಲಿಕತ್ತೀರಿ? ಜಡ್ಡುಗಟ್ಟ್ಯಾವ, ಅಷ್ಟೇ. ಪೆನ್ನು ತಾಕಿದ್ದು ಗೊತ್ತಾಗ್ಲಿಲ್ಲೇನು?"

"ಇಷ್ಟಕ್ಕ ಇಷ್ಟೆಲ್ಲ ನೋಡಬೇಕಿತ್ತೇನ್ರಿ? ಮಚ್ಚಿ ನೋಡೇ ಹೇಳಬಹುದಿತ್ತು."

"ಮೊದ್ಲೇ ನನಗೂ ಸಿಬ್ಬು ಅಂತ ಅನಿಸ್ತು. ಅನಿಸಿದ್ದಕ್ಕ ಔಷಧ ಕೊಡ್ಲಿಕ್ಕ ಬರಂಗಿಲ್ಲ ಆಯಿ, ಪರೀಕ್ಷೆ ಮಾಡೇ ಕೊಡಬೇಕು. ನೀವು ನೋಡ್ರಿ, ಅನಿಸಿದ್ದನ್ನೇ ಖರೇ ಮಾಡ್ಕೊಂಡು ಕುಂತ್ರಿ."

ಮರೆಮ್ಮನ ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಇಳಿಸಿದಂತಾಯಿತು. ಬಾಯಿ ತಡೆಯದೆ ಕೇಳಿಯೇಬಿಟ್ಟಳು: "ಹಂಗಾರ ಕೂಸಿಗಿ ಹತ್ತಂಗಿಲ್ಲ?"

"ಸಿಬ್ಬು ಹತ್ತಂಗಿಲ್ಲ. ಕುಷ್ಠ ಇದ್ದಿದ್ರೂ ಅಷ್ಟೇ, ಗುಳಿಗಿ ಶುರು ಮಾಡಿ ಆರಾಮ ಎತ್ಕೋಬಹುದಿತ್ತು. ಅದು ಪೂರಾ ವಾಸಿ ಆಗೋ ಬ್ಯಾನಿ. ಗೋಡಿ ಮ್ಯಾಲ ಬರ್ದದಲ್ಲ!"

ಅದೇ ಎರಡನೆಯ ಸಾಲು. ಮರೆಮ್ಮ ತಲೆ ತಗ್ಗಿಸಿದಳು. ಬೆಂಚಿನ ಕಡೆಯಿಂದ ಭಾಗ್ಯಜ್ಯೋತಿಯ ದನಿ ಬಂತು: "ಅದಕ್ಕೇ ಎತ್ಕೊಂಡಿದ್ದಿಲ್ಲೇನ್ರಿ ಅತ್ತಿ? ನಾ ಏನೇನು ತಿಳ್ಕೊಂಡಿದ್ದೆ..."

"ನೀ ತಿಳ್ಕೊಂಡಿದ್ದು ನಂಗ ಗೊತ್ತಿತ್ತು," ಎಂದಳು ಮರೆಮ್ಮ. ಇಷ್ಟು ದಿನ ಕಾದ ಸುಖ ಹೀಗೆ ಒಂದೇ ಮಾತಿಗೆ ಕೈಗೆ ಬಂತೆಂದರೆ ನಂಬುವುದಾದರೂ ಹೇಗೆ? ಮತ್ತೆ ರಟ್ಟೆ ಮುಂದೆ ಮಾಡಿದಳು. "ಇನ್ನೊಂದು ಸಲ ನೋಡ್ರಿ ಡಾಕ್ಟರಮ್ಮ, ನಿಮಗ ಪುಣ್ಯ ಬರ್ತದ."

ಯಾರೂ ಹೇಳದೆ ತಾನೇ ಕಣ್ಣು ಮುಚ್ಚಿದಳು. ಅತೀಯಾ ಹತ್ತಿಗೆ ಕೈ ಹಾಕಿದರು. ಅಷ್ಟರಲ್ಲಿ ಭಾಗ್ಯಜ್ಯೋತಿ ಎದ್ದು ಬಂದದ್ದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು.

ರಟ್ಟೆಯ ಮೇಲೆ ಬಂದದ್ದು ಹತ್ತಿಯಲ್ಲ. ಬೆಚ್ಚಗಿತ್ತು, ಜೊಲ್ಲಿಗೆ ಒದ್ದೆಯಾಗಿತ್ತು. ಒಮ್ಮೆ ತಡಕಾಡಿ, ಮಚ್ಚೆಯ ನಡುವಿನ ತೊಗಲನ್ನೇ ಮುಷ್ಟಿಯಲ್ಲಿ ಹಿಡಿದು ಎಳೆಯಿತು.

"ಯವ್ವಾ!" ಎಂದು ಚೀರಿದಳು ಮರೆಮ್ಮ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಕಣ್ಣು ತೆರೆಯದೆಯೇ ರಟ್ಟೆಯನ್ನು ಇನ್ನಷ್ಟು ಹತ್ತಿರ ಚಾಚಿದಳು.

"ಚೂಟು ನನ್ನವ್ವ. ಇನ್ನೊಮ್ಮಿ ಚೂಟು."