ಆಲದ ಗಿಡಕ್ಕೆ ಗಂಜಿ

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಬಂದರೆ ಈಗಲೂ ಇಚಲಕರಂಜಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಗ್ಗದ ಕೋಣೆಯ ಕಿಟಕಿಯಲ್ಲಿ, ಒಡೆದ ಮಡಕೆಯ ತಳದಲ್ಲಿ ಅಜ್ಜಿ ಗೇಣುದ್ದದ ಆಲದ ಗಿಡ ಸಾಕಿದ್ದಳು. ಗಂಜಿ ಕುಡಿದ ನೂಲು ಗಟ್ಟಿಯಾಗುತ್ತದಲ್ಲ, ಗಿಡವೂ ಆಗಲೆಂದು ನಾನು ದಿನಾ ಗಂಜಿ ಸುರಿದೆ. ಎಲೆಗಳೆಲ್ಲ ಉದುರಿದವು. ಅಜ್ಜಿ ಗಿಡ ಕಿತ್ತು, ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣಿಗೆ ನೆಟ್ಟಳು. "ಇನ್ನ ಮಣ್ಣು ಒಣಗಿದ ಮ್ಯಾಲೆ ಅಷ್ಟ ನೀರು," ಎಂದಳು.

ಹದಿನೈದು ದಿನ ಕಳೆದು, ಆ ಮಧ್ಯಾಹ್ನ ನೋಡುತ್ತೇನೆ, ತುದಿಯಲ್ಲಿ ಕೆಂಪು ಚಿಗುರು! ನನ್ನ ಕೂಗಿಗೆ ಅಪ್ಪನ ಮಗ್ಗವೇ ನಿಂತಿತು.

"ಬೇರು ಕಡದ್ರೂ ಹೆಂಗ ಬದುಕಿತು, ಅಜ್ಜಿ?" ಎಂದು ಕುಣಿದೆ.

"ನನ್ನೂ ಒಂಬತ್ತನೇ ವರ್ಷಕ್ಕ ಕಿತ್ತು ತಂದು ಈ ಮನ್ಯಾಗ ನೆಟ್ಟಿದ್ರವ್ವಾ. ನನ್ನ ಚಿಗುರು ಅಲ್ಲಿ ಮಗ್ಗದಾಗ ಕುಂತೈತಿ, ನೋಡು."