ಪಾರ್ವತೆವ್ವನ ರಿಪೋರ್ಟು

ಕ್ಯಾನ್ಸರ್ ತಪಾಸಣೆಗೆ ಹೊರಟಿದ್ದ ಸೊಸೆಯನ್ನು ಪಾರ್ವತೆವ್ವ ಹೊಸ್ತಿಲಲ್ಲೇ ತಡೆದಿದ್ದಳು. ‘ಮರ್ಯಾದಸ್ಥರ ಮನಿ ಹೆಂಗಸರು ಅಲ್ಲಿ ಹೋಗಿ ಮಲಗೂದಿಲ್ಲ’ ಅಂದಿದ್ದಳು. ಎರಡೇ ವರ್ಷದಲ್ಲಿ ಸೊಸೆ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡಳು.

ಆ ಸೊಸೆಯ ತಂಗಿ ಅನಸೂಯಾ ಈಗ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ರಕ್ತ ಕಂಡು ಹೆದರಿದ ಪಾರ್ವತೆವ್ವ ಗುಟ್ಟಾಗಿ ಅವಳ ಬಳಿಯೇ ಪರೀಕ್ಷೆ ಮಾಡಿಸಿಕೊಂಡಳು. ಹತ್ತು ದಿನ ಬಿಟ್ಟು ಮತ್ತೆ ಬಂದಳು.

‘ರಿಪೋರ್ಟ್ ಬಂತೇನವ್ವಾ? ನನಗೂ ಅದ ಐತೇನು?’

‘ನಾಳೆ ಸಾಲ್ಯಾಗ ಹುಡುಗ್ಯಾರಿಗೆ ಈ ಕ್ಯಾನ್ಸರ್ ಬರದಂಗ ಲಸಿಕಿ ಹಾಕ್ತೀವಿ. ತಾಯಂದಿರು ಒಲ್ಲೆ ಅನ್ನಾಕತ್ಯಾರ. ನಮ್ಮಕ್ಕನ್ನ ಯಾರು ತಡದರು, ಆಕಿ ಹ್ಯಾಂಗ ಸತ್ತಳು ಅಂತ ನೀವ ಅವರಿಗೆ ಹೇಳ್ರಿ. ಆಮ್ಯಾಲೆ ರಿಪೋರ್ಟ್ ಕೊಡ್ತೀನಿ.’

‘ಊರಾಗ ನನ್ನ ಮಾನ ಹೋಗ್ತದ.’

‘ನಮ್ಮಕ್ಕನ ಜೀವ ಹೋತು.’

ಮರುದಿನ ಶಾಲೆಯಲ್ಲಿ ಪಾರ್ವತೆವ್ವ ಮೈಕಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ತಾಯಿಯಿಲ್ಲದ ಮೊಮ್ಮಗಳು ಎದುರಿಗೇ ಕೂತು ಕೇಳಿಸಿಕೊಂಡಳು. ಹೆಂಗಸರು ಎದ್ದು, ಮಕ್ಕಳ ಕೈಹಿಡಿದು ಲಸಿಕೆಯ ಸಾಲಿಗೆ ಬಂದರು.

ಅನಸೂಯಾ ರಿಪೋರ್ಟನ್ನು ಮುದುಕಿಯ ಕೈಗಿಟ್ಟಳು.

‘ನಿಮಗ ಕ್ಯಾನ್ಸರ್ ಇಲ್ರಿ. ಮೊನ್ನೇನ ಗೊತ್ತಿತ್ತು ನನಗ.’