ಯಾರ ಪುಸ್ತಕ

ಗೆಳತಿಯರನ್ನು ಅಗಲಿಸುವುದು ವಿಧಿ ಎನ್ನುತ್ತದೆ ಮಗಳು ಓದಲು ಕೊಟ್ಟ ಕಾದಂಬರಿ. ಅದನ್ನು ಮುಚ್ಚಿಟ್ಟರೂ ಬೆಂದ ರೇಷ್ಮೆಗೂಡಿನ ನಾತ ಮೂಗು ಬಿಡುತ್ತಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮದು ನೂಲು ಬಿಚ್ಚುವ ಮನೆ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನಾನೂ ನಮ್ಮಲ್ಲಿ ಕೂಲಿಗೆ ಬರುತ್ತಿದ್ದವರ ಮಗಳು ರತ್ನಳೂ ಗೂಡಿನ ರಾಶಿಯ ಹಿಂದೆ ಕೂತು ನನ್ನ ಕಥೆಪುಸ್ತಕ ಓದುತ್ತಿದ್ದೆವು. ಅಪ್ಪ ಬಂದರು.

“ಕೆಲ್ಸ ಬಿಟ್ಟು ಕಥೆ ಓದ್ತಾ ಕೂತಿದೀರಾ? ಯಾರ್ದೇ ಇದು?”

ನಾನು ರತ್ನಳತ್ತ ಬೆರಳು ತೋರಿದೆ.

ಅವಳು ಗೋಡೆಗೆ ಹೋಗಿ ಬಡಿಯುವಂತೆ ಅಪ್ಪ ಕೆನ್ನೆಗೆ ಬಾರಿಸಿದರು. ಪುಸ್ತಕವನ್ನು ಗೂಡು ಕುದಿಯುತ್ತಿದ್ದ ನೀರಿಗೆ ಎಸೆದರು. ರತ್ನ ಓಡಿಹೋಗಿ ಮೊಣಕೈವರೆಗೂ ಕೈ ಹಾಕಿ ಅದನ್ನು ತೆಗೆದಳು. ಕೈಯ ಚರ್ಮ ಸುಲಿದು ಬಂತು.

“ಅವಳ ಹಣೇಲಿ ಬರ್ದಿತ್ತು, ಬಿಡಪ್ಪ,” ಎಂದು ಒಳಗಿನಿಂದ ಬಂದ ಅಜ್ಜಿ ಅಪ್ಪನಿಗೆ ಸಮಾಧಾನ ಹೇಳಿದರು.

ರತ್ನ ಆ ಒದ್ದೆ ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು, “ನಿಂದು, ತಗೊಳೇ” ಅಂದಳು, ಅಪ್ಪನಿಗೆ ಕೇಳಿಸದಷ್ಟು ಮೆಲ್ಲಗೆ.